ಬಿಳಿಮೀನಿಗೆ ಅದರ ಹೊಳೆ ಉಳಿಯಲಿ

ಮಾನ್ಯ ಮೀನುಗಾರಿಕೆ ಸಚಿವರೇ,

ಕಾವೇರಿ ಪಾತ್ರದ ಜನ ಬಿಳಿಮೀನು ಎಂದು ಕರೆಯುವ ಗೂನುಬೆನ್ನಿನ ಮಹಶೀರ್ ಪರವಾಗಿ ಬರೆಯುತ್ತಿದ್ದೇನೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಇದಕ್ಕೆ ಭೂಮಿಯ ಮೇಲೆ ಬೇರೆ ತವರಿಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು 54 ಕಿಲೊ ತೂಗಿತ್ತು. ಗೂನುಬೆನ್ನಿನ ಮಹಶೀರ್ ಟಾರ್ ರೆಮಾದೇವಿ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಾಗಿತ್ತು.

ಬೇಸಿಗೆಯಲ್ಲಿ ಮಡುಗಳಲ್ಲಿರುವ ಮೀನು ಮುಂಗಾರಿನ ಹೊಸನೀರು ಬಂದಾಗ ಮೇಲಕ್ಕೆ ಹತ್ತುತ್ತದೆ. ಕಲ್ಲುಹರಳಿನ ತಳ, ಓಡುವ ನೀರು ಇರುವ ಕಡೆ ಮೊಟ್ಟೆಯಿಡುತ್ತದೆ. ಅಡ್ಡ ಕಟ್ಟೆ ಬಂದರೆ ಆ ಪಯಣ ಅಲ್ಲಿಗೇ ಮುಗಿಯಿತು. ತೋಟೆ ಸಿಡಿಸಿದರಂತೂ ಮಡುವಿನಲ್ಲಿ ಮರಿಯೂ ಉಳಿಯುವುದಿಲ್ಲ.

ಇನ್ನೊಂದು ಕೇಡು ಒಳ್ಳೆಯ ಉದ್ದೇಶದಿಂದಲೇ ಬಂತು. 1970ರ ದಶಕದಿಂದ ಲೋಣಾವಳದಲ್ಲಿ ಮರಿ ಮಾಡಿಸಿದ ನೀಲಿರೆಕ್ಕೆಯ ಮಹಶೀರನ್ನು ದೇಶದ ನಾನಾ ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಅದು ಕೃಷ್ಣಾ ಕಣಿವೆಯ ಮೀನು. ಕಾವೇರಿ ದಡದ ಗಾಳಿಬೋರೆ ಶಿಬಿರದಲ್ಲಿ ಮೀನು ಹಿಡಿದು ಬಿಡುತ್ತಿದ್ದ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ದಯವಿಟ್ಟು ತರಿಸಿ ನೋಡಿ. ನೀಲಿರೆಕ್ಕೆಯವು ಏರುತ್ತ ಹೋದಂತೆ ಕಿತ್ತಳೆ ರೆಕ್ಕೆಯ ನಮ್ಮ ಬಿಳಿಮೀನು ಇಳಿಯುತ್ತ ಹೋಗಿದೆ. ಒಟ್ಟು ಮಹಶೀರ್ ಹೆಚ್ಚಾಯಿತೆಂದು ಸಮಾಧಾನಪಟ್ಟರೆ ಮೋಸಹೋಗುತ್ತೇವೆ.

ಹಿಂದೆ ತೋಟೆ ಸಿಡಿಸಿ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಗಾಳಗಾರರ ಇಂಥ ಶಿಬಿರಗಳಲ್ಲೇ ಕಾವಲುಗಾರರಾಗಿ ಬದುಕು ಕಂಡಿದ್ದರು. ಆ ಭಾಗದ ಅಭಯಾರಣ್ಯದಲ್ಲಿ ಗಾಳ ನಿಷೇಧವಾದ ಮೇಲೆ ಆ ಕಣ್ಗಾವಲೂ ಹೋಯಿತು. ಜನರಿಗೆ ಮೀನು ಕಾಯುವುದು ಗೊತ್ತಿಲ್ಲವೆಂದಲ್ಲ. ಕಾವೇರಿ ದಡದ ರಾಮನಾಥಪುರದ ವಹ್ನಿಪುಷ್ಕರಿಣಿಗೆ ಹೋಗಿ ನೋಡಿ: ಭಕ್ತರು ಪುರಿ ಚೆಲ್ಲಿದರೆ ಮೀನುಗಳು ಸೋಪಾನದ ಅಂಚಿಗೇ ಬಾಯಿ ತೆರೆದು ಬರುತ್ತವೆ, ಯಾರೂ ಬಲೆ ಹಾಕುವುದಿಲ್ಲ.

ಇದೆಲ್ಲದರ ಮೇಲೆ, ಕಾವೇರಿಯ ಮೇಕೆದಾಟಿನಲ್ಲಿ ಅಣೆಕಟ್ಟು ಕಟ್ಟಿ 67 ಟಿಎಂಸಿ ನೀರು ನಿಲ್ಲಿಸುವ ಯೋಜನೆಯಿದೆ. ಬೆಂಗಳೂರಿಗೆ ಕುಡಿಯುವ ನೀರು ಬೇಕು, ಒಪ್ಪುತ್ತೇನೆ. ಆದರೆ ಮುಳುಗುವುದು ಈ ಮೀನಿನ ಹೊಳೆಯೇ. ಆ ಚರ್ಚೆಯಲ್ಲಿ ಮೀನಿನ ಪರ ಮಾತಾಡಬೇಕಾದದ್ದು ನಿಮ್ಮ ಇಲಾಖೆ.

ಕಾವೇರಿಯದಲ್ಲದ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಬಾರದೆಂದು ಆದೇಶ ಹೊರಡಿಸಿ. ಬಿಳಿಮೀನು ಉಳಿದಿರುವ ಮಡುಗಳನ್ನು ಗುರುತಿಸಿ, ದಡದ ಊರಿನವರನ್ನೇ ಸಂಬಳ ಕೊಟ್ಟು ಕಾವಲಿಗೆ ನೇಮಿಸಿ. ಮುಂದಿನ ಮುಂಗಾರಿನೊಳಗೆ ಇಷ್ಟು ಮಾಡಿಕೊಡಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ,
ಕಾವೇರಿ ದಡದ ಒಬ್ಬ ನಾಗರಿಕ