ಝರಿಯ ಮೇಲಿನ ಮರಕ್ಕೂ ಕೈಮುಗಿಯಿರಿ

ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಎದೆಮಟ್ಟದ ನೀರಲ್ಲಿ ದೇವರತ್ತ ನಡೆಯುವವರನ್ನು ನೀವೆಲ್ಲ ನೋಡಿದ್ದೀರಿ. ಮೇಲೆ ಕೆಂಪು ಕಲ್ಲಿನ ಚಾವಣಿ, ಅದಕ್ಕೆ ಜೋತುಬಿದ್ದ ಬಾವಲಿಗಳು. ಆ ನೀರು ಎಲ್ಲಿಂದ ಬಂತು ಎಂದು ಎಷ್ಟು ಜನ ಕೇಳಿದ್ದೇವೆ?

ನಮ್ಮ ಊರು ಕೂತಿರುವುದೇ ಜಂಬಿಟ್ಟಿಗೆಯ ದಿಬ್ಬದ ಮೇಲೆ. ಮಳೆನೀರು ಈ ತೂತುಗಲ್ಲಿನಲ್ಲಿ ಇಂಗಿ ಇಳಿದು, ಅಡಿಯ ಕಪ್ಪುಶಿಲೆಯ ಬಳಿ ತಡೆದು, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಪಾಪನಾಶದ ಒರತೆ, ಗುರುನಾನಕ್ ಝೀರಾದ ಸಿಹಿನೀರು ಎರಡೂ ಈ ಕಲ್ಲಿನ ಹಾಲೇ. ಬಹಮನಿಗಳ ಕಾಲದಲ್ಲಿ ನೌಬಾದಿನಲ್ಲಿ ಸುರಂಗ ಬಾವಿ ತೋಡಿದವರು ಇದನ್ನು ಚೆನ್ನಾಗಿ ಬಲ್ಲವರು. ನಾವು ಮಾತ್ರ ನೀರು ಚಿಮ್ಮುವಲ್ಲಿ ಕಾಯಿ ಒಡೆದು, ಅದು ಇಂಗುವಲ್ಲಿ ಮರ ಕಡಿದು ನಿವೇಶನ ಹಾಕುತ್ತೇವೆ. ಮೇಲಿನ ಮಣ್ಣು ಸಿಮೆಂಟಿನಡಿ ಹೂತುಹೋದರೆ ಕೆಳಗೆ ನರಸಿಂಹನ ಅಭಿಷೇಕಕ್ಕೆ ಟ್ಯಾಂಕರ್ ತರಿಸಬೇಕಾದೀತು.

ದೇವರ ಭಯ ಇದ್ದಲ್ಲಿ ಕೊಡಲಿ ತಡವರಿಸುತ್ತದೆ. ಇದು ನಮ್ಮ ಹಿರಿಯರಿಗೆ ಗೊತ್ತಿತ್ತು. ಕೊಡಗಿನವರು ಸಾವಿರಕ್ಕೂ ಹೆಚ್ಚು ದೇವರಕಾಡುಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ನಮ್ಮದು ಬಯಲುಸೀಮೆ, ಇಲ್ಲಿ ದಟ್ಟಡವಿ ಎಲ್ಲಿಂದ ಬರಬೇಕು ಎನ್ನುವವರು ನಲ್ಲೂರನ್ನು ನೋಡಿ ಬರಲಿ. ಅದೂ ಬಯಲುಸೀಮೆಯೇ.

ಎಳ್ಳ ಅಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವಲ್ಲ, ಆಮೇಲೆ ಉಣ್ಣಲು ಕೂರುವುದು ಯಾವ ಮರದಡಿ? ಬದುವಿನ ಬೇವು, ಬನ್ನಿ ಇನ್ನೂ ನಿಂತಿವೆಯೇ? ಭೂತಾಯಿಗೆ ಉಣಬಡಿಸಿದ ಕೈಯೇ ಮರುದಿನ ಆ ಮರವನ್ನು ಕಟ್ಟಿಗೆ ಅಡ್ಡೆಗೆ ಮಾರುವುದಾದರೆ, ಚೆಲ್ಲಿದ ಚರಗ ಯಾರಿಗೆ ಮುಟ್ಟಿತು?

ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಭಕ್ತರೇ, ಔರಾದಿನ ಅಮರೇಶ್ವರನ ಜಾತ್ರೆ ನಡೆಸುವ ಹಿರಿಯರೇ, ಝೀರಾದಲ್ಲಿ ಲಂಗರ್ ಬಡಿಸುವ ಬಂಧುಗಳೇ, ದರ್ಗಾಗಳಿಗೆ ಚಾದರ ಹೊದಿಸುವವರೇ, ನಿಮ್ಮ ಮಾತನ್ನು ಜನ ಕೇಳುತ್ತಾರೆ. ಅರಣ್ಯ ಇಲಾಖೆಯ ಬೋರ್ಡಿಗಿಂತ ನಿಮ್ಮ ಒಂದು ಮಾತಿಗೆ ತೂಕ ಹೆಚ್ಚು. ಗುಡಿಯಂಗಳಕ್ಕೆಲ್ಲ ಟೈಲ್ಸ್ ಹಾಕಿಸುವುದನ್ನು ನಿಲ್ಲಿಸಿ, ಮರದ ಬುಡಕ್ಕೆ ಮಣ್ಣು ಬಿಡಿ. ದೇವರ ಹೆಸರಿನ ಜಮೀನಿನಲ್ಲಿ ಒಂದಿಷ್ಟನ್ನು ಬೇವು, ಹುಣಸೆ, ಆಲಕ್ಕೆ ಬಿಟ್ಟುಕೊಡಿ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮೂರಲ್ಲಿ ಅದು ಇದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಗುಡಿಯ ತೋಪು, ದರ್ಗಾದ ಮರಗಳು, ಝರಿಯ ಮೇಲಿನ ಗಾಯರಾಣ, ಇವುಗಳ ಸರ್ವೆ ನಂಬರು ಬರೆಸಿ, ಇಲ್ಲಿ ಕೊಡಲಿ ಬೀಳಕೂಡದು ಎಂದು ಠರಾವು ಮಾಡಿಸಿ.