ಟೆಸ್ಟೋಸ್ಟೆರಾನ್ ಡಬ್ಬಿಗೆ ಹೊಣೆ ಯಾರು?

ಉಡುಪಿ ಜಿಲ್ಲೆಯ ಸಿದ್ದಾಪುರ ಬಳಿಯ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ನಾಡಿನ ಮನೆಮಾತಾಗಿದ್ದರು. ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ, ಮರುತಿಂಗಳೇ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ಮರುವರ್ಷ ಅವರ ಮೂತ್ರದ ಮಾದರಿಯಲ್ಲಿ ಅನಬಾಲಿಕ್ ಸ್ಟೀರಾಯ್ಡ್ ಪತ್ತೆಯಾಯಿತು. ಕೋಚ್ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಮಾತ್ರೆಗಳಿಂದಲೇ ಅದು ಮೈ ಸೇರಿತೆಂದು ಅಶ್ವಿನಿ ಮತ್ತು ಜೊತೆಯ ಓಟಗಾರ್ತಿಯರು ವಾದಿಸಿದರು. ದೇಶದೊಳಗಿನ ಸಮಿತಿ ಒಂದು ವರ್ಷ ನಿಷೇಧಿಸಿತು. 2012ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ರಾಷ್ಟ್ರೀಯ ಶಿಬಿರದಲ್ಲಿದ್ದವರ ಪಾಡೇ ಇದು. ಬೆಳಗೋಡು ಹೋಬಳಿಯ ಹುಡುಗನೊಬ್ಬ ಸಕಲೇಶಪುರದ ಜಿಮ್‌ಗೆ ಸೇರಿ, ಮೊಬೈಲ್‌ನಲ್ಲೇ ‘ಟೆಸ್ಟೋ ಬೂಸ್ಟರ್’ ಆರ್ಡರ್ ಮಾಡಿದರೆ ಅವನ ಬೆನ್ನಿಗೆ ಯಾರಿದ್ದಾರೆ? ಅವನಿಗೆ ಡೋಪ್ ಪರೀಕ್ಷೆ ನಡೆಯುವುದಿಲ್ಲ. ಡಬ್ಬಿಯಲ್ಲಿ ಕೆಟ್ಟದ್ದೇನಾದರೂ ಇದ್ದರೆ ಅದು ಬಯಲಾಗುವುದು ಲಿವರ್ ಊದಿಕೊಂಡಾಗ, ಇಲ್ಲವೇ ಮದುವೆಯಾಗಿ ಮಕ್ಕಳಾಗದೆ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ.

ಲೇಬಲ್ ಮೇಲಿನ ಹೆಸರುಗಳೇನೂ ಅಪರಿಚಿತವಲ್ಲ. ‘ಟ್ರಿಬುಲಸ್’ ಅಂದರೆ ಬಯಲುಸೀಮೆಯ ಹೊಲಗಳಲ್ಲಿ ಅಂಗಾಲಿಗೆ ಚುಚ್ಚುವ ನಮ್ಮ ನೆಗ್ಗಿಲು ಮುಳ್ಳು. ಆರೋಗ್ಯವಂತ ಗಂಡಸರಲ್ಲಿ ಅದು ಟೆಸ್ಟೋಸ್ಟೆರಾನ್ ಹೆಚ್ಚಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಜಿಂಕ್ ಕೊರತೆ ಇರುವವರಿಗೆ ಜಿಂಕ್ ನೆರವಾಗಬಹುದು, ಉಳಿದವರಿಗೆ ಅದರಿಂದ ಪ್ರಯೋಜನ ಕಾಣದು. ಅಶ್ವಗಂಧದ ಮಾತು ಸ್ವಲ್ಪ ಬೇರೆ. 2015ರಲ್ಲಿ ಪ್ರಕಟವಾದ, 57 ಗಂಡಸರ ಮೇಲಿನ 8 ವಾರಗಳ ಅಧ್ಯಯನದಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ ಸುಮಾರು 96 ನ್ಯಾನೋಗ್ರಾಂನಷ್ಟು ಏರಿಕೆ ಕಂಡಿತ್ತು. ಆದರೆ ಗಂಡಸರಲ್ಲಿ ಸಹಜ ಮಟ್ಟವೇ ಸುಮಾರು 300ರಿಂದ 1,000ದವರೆಗೆ ಹರಡಿಕೊಂಡಿರುವಾಗ ಅಷ್ಟು ಏರಿಕೆಯಿಂದ ತೋಳು ಉಬ್ಬಿಬಿಡದು. ಇನ್ನೊಂದು ಕಡೆ, ಅಶ್ವಗಂಧದ ಮಾತ್ರೆ ತಿಂದು ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ದಾಖಲೆಗಳಲ್ಲಿವೆ. 2023ರಲ್ಲಿ ಡೆನ್ಮಾರ್ಕ್ ಅದನ್ನು ನಿಷೇಧಿಸಿತು. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯ ಎಂದುಕೊಳ್ಳುವುದು ತಪ್ಪು.

ಹಾಗಾದರೆ ಒಂದೇ ತಿಂಗಳಲ್ಲಿ ಮೈಕಟ್ಟು ಬದಲಾಯಿಸುವ ಡಬ್ಬಿಯಲ್ಲಿ ಏನಿರುತ್ತದೆ? ಜರ್ಮನಿಯ ಕಲೋನ್ ಪ್ರಯೋಗಾಲಯ 13 ದೇಶಗಳಲ್ಲಿ ಕೊಂಡ 634 ಪೂರಕಗಳನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿತು. ಅವುಗಳಲ್ಲಿ 94ರಲ್ಲಿ, ಅಂದರೆ ಶೇ 14.8ರಲ್ಲಿ, ಲೇಬಲ್‌ನಲ್ಲಿ ಹೇಳದ ಹಾರ್ಮೋನ್ ಅಂಶಗಳಿದ್ದವು. ಅಮೆರಿಕದ ಔಷಧ ನಿಯಂತ್ರಕರು 2007ರಿಂದ 2016ರವರೆಗೆ ಕಲಬೆರಕೆ ಎಂದು ಗುರುತಿಸಿದ 776 ಪೂರಕಗಳಲ್ಲಿ 92 ಸ್ನಾಯು ಬೆಳೆಸುವಂಥವು. ಅವುಗಳಲ್ಲಿ ಬಹುಪಾಲು ಸ್ಟೀರಾಯ್ಡ್ ಅಥವಾ ಅದರ ಹತ್ತಿರದ ರಾಸಾಯನಿಕ ಬೆರೆತದ್ದು. ಆದ್ದರಿಂದ ‘ಸಖತ್ ಕೆಲಸ ಮಾಡ್ತದೆ’ ಎಂದು ಜಿಮ್ ಗೆಳೆಯ ಹೊಗಳಿದ ಡಬ್ಬಿಯನ್ನೇ ಮೊದಲು ಅನುಮಾನಿಸಬೇಕು.

ಹೊರಗಿನಿಂದ ಹಾರ್ಮೋನ್ ಬಂದಾಗ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಸೂಚನೆ ಕಳಿಸುವುದನ್ನೇ ನಿಲ್ಲಿಸುತ್ತದೆ. ದೇಹದ ಸ್ವಂತ ಉತ್ಪಾದನೆ ಕುಸಿಯುತ್ತದೆ, ವೀರ್ಯಾಣು ಇಳಿಯುತ್ತದೆ, ರಕ್ತ ದಪ್ಪಗಾಗುತ್ತದೆ. ಬಿಟ್ಟ ಮೇಲೂ ಚೇತರಿಕೆಗೆ ತಿಂಗಳುಗಟ್ಟಲೆ ಬೇಕು. ಬಾಯಿಯಿಂದ ತೆಗೆದುಕೊಳ್ಳುವ ಮೆಥಾಂಡಿಯೆನೋನ್, ಸ್ಟಾನೊಜೊಲೊಲ್‌ನಂಥ ಸ್ಟೀರಾಯ್ಡ್ ಮಾತ್ರೆಗಳು ಲಿವರ್‌ಗೆ ವಿಶೇಷವಾಗಿ ಕಠೋರ.

ಇಷ್ಟರ ಮೇಲೂ ಟೆಸ್ಟೋಸ್ಟೆರಾನ್ ಕಡಿಮೆಯಿರಬಹುದು ಎಂಬ ಅನುಮಾನ ಇದ್ದವರು ಡಬ್ಬಿಗೆ ಹಣ ಹಾಕುವ ಮೊದಲು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಲಿ, ಇನ್ನೊಂದು ದಿನ ಮತ್ತೊಮ್ಮೆ ಮಾಡಿಸಲಿ. ಎರಡೂ ಸಲ ಕಡಿಮೆ ಬಂದರೆ ಹೋಗಬೇಕಾದದ್ದು ವೈದ್ಯರಲ್ಲಿಗೆ. ಏನಾದರೂ ಸೇವಿಸುತ್ತಿರುವವರು ಲಿವರ್ ಪರೀಕ್ಷೆಯನ್ನೂ ಮಾಡಿಸಬೇಕು. ಎದೆ ಊದಿದರೆ, ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಆ ಕ್ಷಣವೇ ನಿಲ್ಲಿಸಿ ಡಬ್ಬಿಯನ್ನೇ ಆಸ್ಪತ್ರೆಗೆ ಒಯ್ಯಬೇಕು. ಇನ್ನು ನಿದ್ದೆ. 2011ರ ಒಂದು ಸಣ್ಣ ಅಧ್ಯಯನದಲ್ಲಿ 10 ಯುವಕರು ಒಂದು ವಾರ ರಾತ್ರಿ 5 ಗಂಟೆ ಮಾತ್ರ ಮಲಗಿದಾಗ ಅವರ ಟೆಸ್ಟೋಸ್ಟೆರಾನ್ ಶೇ 10ರಿಂದ 15ರಷ್ಟು ಇಳಿದಿತ್ತು. ನಡುರಾತ್ರಿವರೆಗೆ ಮೊಬೈಲ್ ನೋಡಿ ಬೆಳಿಗ್ಗೆ ಬೂಸ್ಟರ್ ನುಂಗುವ ಹುಡುಗರು ಇದನ್ನು ತಿಳಿಯಬೇಕು.

ಆದರೆ ಎಲ್ಲ ಎಚ್ಚರವನ್ನೂ ಹುಡುಗರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆರೋಗ್ಯ ಪೂರಕಗಳಿಗೆ ಹಾರ್ಮೋನ್, ಸ್ಟೀರಾಯ್ಡ್ ಸೇರಿಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮವೇ ಹೇಳಿತ್ತು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಗ್ರಾಹಕನೇ ಶುಲ್ಕ ಕಟ್ಟಿ ತಾನು ಕೊಂಡದ್ದನ್ನು ಪರೀಕ್ಷೆಗೆ ಕಳಿಸಬಹುದು; ದೋಷ ಸಾಬೀತಾದರೆ ಶುಲ್ಕ ವಾಪಸ್. ತೊಡಕಿರುವುದು ಅದರ ಷರತ್ತಿನಲ್ಲಿ: ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಮಾರುವವನಿಗೆ ತಿಳಿಸಬೇಕು. ಅಂಗಡಿಯ ಕಟ್ಟೆಯ ಮುಂದೆ ನಿಂತವನು ಹೇಳಿಯಾನು. ಕೊರಿಯರ್‌ನಲ್ಲಿ ಬರುವ ಡಬ್ಬಿಗೆ ಯಾರಿಗೆ ಹೇಳುವುದು? ಆನ್‌ಲೈನ್ ಮಾರಾಟ ತಾಣಗಳ ಆರ್ಡರ್ ಪುಟದಲ್ಲೇ ಈ ನೋಟಿಸ್ ಕೊಡುವ ಅವಕಾಶವನ್ನು ಪ್ರಾಧಿಕಾರ ಕಡ್ಡಾಯಗೊಳಿಸಬೇಕು. ಅಲ್ಲಿಯವರೆಗೆ ಹಾಸನ, ಸಕಲೇಶಪುರ, ಆಲೂರಿನ ಜಿಮ್ ಮತ್ತು ಪೂರಕದಂಗಡಿಗಳಿಂದ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳೇ ಮಾದರಿ ತೆಗೆದು, ಸ್ಟೀರಾಯ್ಡ್ ಪರೀಕ್ಷೆಗೆ ಕಳಿಸಿ, ಫಲಿತಾಂಶವನ್ನು ಬ್ರ್ಯಾಂಡಿನ ಹೆಸರು, ಬ್ಯಾಚ್ ನಂಬರ್ ಸಮೇತ ಪ್ರಕಟಿಸಲಿ.