ಬೂಟು ಸವೆಯದೆ ಇನ್ನೇನಾಗ್ತೈತೆ?

ಎನ್‌ಸಿಸಿ ಮಕ್ಕಳಿಗೆ ಕೊಡೋ ಬೂಟು, ಬೆಲ್ಟು, ಟೋಪಿ ಸರ್ಕಾರದ್ದು, ವಾಪಸ್ ಕೊಡಬೇಕು. ಅದಕ್ಕೆ ನಂದೇನೂ ತಕರಾರಿಲ್ಲ ಕಣ್ರಮ್ಮ. ಆದ್ರೆ ಮೂರು ವರ್ಷ ಬಿಸ್ಲಲ್ಲಿ ಪೆರೇಡ್ ಮಾಡಿದ ಬೂಟಿನ ಅಟ್ಟೆ ಸವೆದೈತೆ ಅಂತ ದುಡ್ಡು ಕೇಳೋದು ಯಾವ ನ್ಯಾಯ? ನಮ್ಮಕ್ಕನ ಮಗಳಿಗೆ ಕೊಟ್ಟಿದ್ದೇ ಯಾರೋ ಹಾಕಿ ಬಿಟ್ಟಿದ್ದು, ಹಿಮ್ಮಡಿ ಒಂದು ಕಡೆ ತಿಂದೋಗಿತ್ತು. ರಿಜಿಸ್ಟರಲ್ಲಿ ಬರೆದಿದ್ದು ಮಾತ್ರ "ಬೂಟು, ಒಂದು ಜೊತೆ". ವಾಪಸ್ ತಗೊಳ್ಳೋ ದಿನ ಕನ್ನಡಕ ಹಾಕ್ಕೊಂಡು ನೋಡ್ತಾರೆ!

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಲ್ಲಿ ರೀಲರು ಗೂಡು ಮುಟ್ಟಿ ನೋಡಿ ಆಮೇಲೆ ತಾನೆ ಬೆಲೆ ಹಾಕೋದು? ಮದ್ವೆಗೆ ಪಾತ್ರೆ ಬಾಡಿಗೆ ಕೊಡೋನೂ ನೆಗ್ಗಿರೋ ದಬರಿನ ಮೊದ್ಲೇ ತೋರಿಸ್ತಾನೆ. ಮಿಲಿಟರಿಯಲ್ಲೂ ಬಳಸಿ ಸವೆದಿದ್ದು ಬೇರೆ, ಕಳೆದಿದ್ದು, ಕೆಡಿಸಿದ್ದು ಬೇರೆ. 1948ರಿಂದ ನಡೆದು ಬಂದ ಎನ್‌ಸಿಸಿಯ ಹೆಸರಲ್ಲಿ ಲೆಕ್ಕ ಬರಿಯೋರಿಗೆ ಇಷ್ಟು ಗೊತ್ತಿಲ್ವಾ?

ಗೌರಿಬಿದನೂರು, ಚಿಂತಾಮಣಿ ಅಕ್ಕಂದಿರೇ, ಸಾಮಾನು ಕೈಗೆ ಬಂದ ದಿನವೇ ಅಟ್ಟೆ, ಹೊಲಿಗೆ, ಬಕಲ್ಲು ಫೋಟೋ ತೆಗೀರಿ. "ಹಳೇದು" ಅಂತ ಬರೆಸದೆ ಮಕ್ಕಳ ಕೈಲಿ ಸಹಿ ಹಾಕಿಸ್ಬೇಡಿ. ವಾಪಸ್ ಕೊಟ್ಟಿದ್ದಕ್ಕೆ ರಸೀದಿ ಇಸ್ಕೊಳ್ಳಿ. ದುಡ್ಡು ಕೇಳಿದ್ರೆ, ಯಾತಕ್ಕೆ, ಎಷ್ಟು ಅಂತ ಬರೆದು ಕೊಡಿ ಅನ್ನಿ. ನಾವೂ ಹಂಗೇ ಕೇಳಿದೀವಿ. ಆ ಚೀಟಿ ಇನ್ನೂ ಬಂದಿಲ್ಲ, ದುಡ್ಡೂ ನಾವು ಕಟ್ಟಿಲ್ಲ.